ಗಾಯಕರು ಸಿದ್ಧರಾಗುವ ಬಗೆ

ಊಟ ಮುಗಿಸಿ ರೇಡಿಯೋ ತಿರುಗಿಸುತ್ತೀರಿ. ಗಾಯಕರ ಹೆಸರು, ಪಕ್ಕವಾದ್ಯದವರ ಹೆಸರು ಕೇಳಿಬರುತ್ತವೆ. ಹಿಂದೆಯೇ ತಂಬೂರಿಯ ಶ್ರುತಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಚೇರಿ ಮುಗಿದಿರುತ್ತದೆ. ಆ ಅರ್ಧ ಗಂಟೆಯ ಹಿಂದೆ ಎಷ್ಟು ವರ್ಷಗಳ ದುಡಿಮೆ ಇದೆ, ಆ ವರ್ಷಗಳಲ್ಲಿ ಅವರಿಗೆ ಅನ್ನವಿಕ್ಕಿದವರು ಯಾರು ಎಂಬುದು ನಮಗೆ ಹೊಳೆಯುವುದೇ ಅಪರೂಪ. ಮನೆಯಲ್ಲಿ ಮಗನೋ ಮಗಳೋ ಸಂಗೀತವನ್ನೇ ಕಲಿಯುತ್ತೇನೆಂದು ಹಟ ಹಿಡಿದಾಗ ಮಾತ್ರ ಆ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಶಾಲೆಯಲ್ಲಿ ಪಾಠ ಹೇಳುವ ನನ್ನ ಬಳಿಗೆ ಅಂಥ ತಂದೆತಾಯಿಗಳು ಬರುವುದುಂಟು. ಅವರು ಕೇಳುವುದು ರಾಗದ ವಿಷಯವನ್ನಲ್ಲ, "ಇದರಿಂದ ಹೊಟ್ಟೆ ತುಂಬೀತೆ, ಮೇಷ್ಟರೆ?" ಎಂದು. ಕೇಳತಕ್ಕ ಪ್ರಶ್ನೆಯೇ ಅದು.

ಮೊದಲು ಪಾಠದ ಕ್ರಮವನ್ನು ನೋಡೋಣ. ಕರ್ನಾಟಕ ಪದ್ಧತಿಯಲ್ಲಿ ಮಾಯಾಮಾಳವಗೌಳದ ಸರಳೆಯಿಂದ ಆರಂಭ. ಜಂಟಿವರಸೆ, ಅಲಂಕಾರ, ಗೀತೆ, ವರ್ಣ ಇವುಗಳನ್ನು ದಾಟಿ ಕೃತಿಗೆ ಬರಬೇಕು. ಈ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ. ಹಿಂದೂಸ್ತಾನಿಯಲ್ಲಿ ಮೊದಲು ಷಡ್ಜವನ್ನು ಹಿಡಿದು ನಿಲ್ಲಿಸುವ ಸಾಧನೆ, ಆಮೇಲೆ ಪಲ್ಟೆಗಳು, ಆಮೇಲೆ ಚೀಜು. ಎರಡರಲ್ಲಿಯೂ ಹುರುಪಿನ ಮಕ್ಕಳು ಬೇಸತ್ತು ಬಿಟ್ಟುಹೋಗುವುದು ಈ ಮೊದಲ ಮೆಟ್ಟಿಲುಗಳಲ್ಲಿಯೇ. ಹಾಡುವ ಕಂಠಕ್ಕೆ ನಮ್ಮವರು ಶಾರೀರ ಎನ್ನುತ್ತಾರೆ; ಶರೀರಕ್ಕೆ ಸಂಬಂಧಪಟ್ಟುದು ಎಂದು ಅರ್ಥ. ಗರಡಿಯಲ್ಲಿ ಮೈ ಪಳಗಿಸಿದ ಹಾಗೆ ಇದನ್ನೂ ದಿನದಿನವೂ ಪಳಗಿಸಬೇಕು. ಪುಸ್ತಕ ಓದಿದರೆ ಬರತಕ್ಕದ್ದಲ್ಲ.

ಈ ಪಳಗಿಸುವಿಕೆ ಎಂಥದೆಂಬುದಕ್ಕೆ ಹುಬ್ಬಳ್ಳಿಯ ಬಳಿಯ ಕುಂದಗೋಳದ ಒಂದು ಮನೆಯನ್ನು ನೋಡಿದರೆ ಸಾಕು. ಅದು ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರ (1886-1952) ಮನೆ. ಸವಾಯಿ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ಮರಾಠಿ ರಂಗಭೂಮಿಯಲ್ಲಿ ಅವರಿಗೆ ನಿಂತ ಹೆಸರು ಅದು. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆಯುತ್ತ ಗ್ವಾಲಿಯರ್, ಜಲಂಧರಗಳವರೆಗೆ ಅಲೆದರು. ಜಲಂಧರದಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿನ್ನ ಸೀಮೆಯಲ್ಲಿಯೇ ಸವಾಯಿ ಗಂಧರ್ವರು ಇರುವಾಗ ಇಲ್ಲೇಕೆ ಅಲೆಯುತ್ತೀ ಎಂಬ ಅರ್ಥದ ಬುದ್ಧಿ ಹೇಳಿದರಂತೆ. ಊರಿಗೆ ಮರಳಿ 1936ರಲ್ಲಿ ಕುಂದಗೋಳ ಸೇರಿದರು. ಸೇರಿದೊಡನೆ ರಾಗ ಸಿಕ್ಕಲಿಲ್ಲ. ಮನೆಗೆಲಸ ಸಿಕ್ಕಿತು, ಕೊಡ ಹೊತ್ತು ನೀರು ತರುವ ಕೆಲಸ ಸಿಕ್ಕಿತು. ಪಾಠ ಆರಂಭವಾದ ಮೇಲೂ ಬಹುಕಾಲ ಮೂರೇ ರಾಗಗಳು: ಬೆಳಗ್ಗೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆಗೆ ಪೂರಿಯಾ. ಮೂರು ರಾಗಗಳಿಗೆ ವರ್ಷಗಳೇ? ಎಂದು ನೀವು ಹುಬ್ಬೇರಿಸಬಹುದು. ಈ ಮೂರರ ಕೋಮಲ ತೀವ್ರ ಸ್ವರಗಳಲ್ಲಿ ಕಿವಿಯೂ ಕಂಠವೂ ನೆಲೆ ನಿಂತವನಿಗೆ ಉಳಿದ ರಾಗಗಳ ಬಾಗಿಲು ತಾನಾಗಿ ತೆರೆಯುತ್ತದೆ. ಮುನ್ನೂರು ಚೀಜುಗಳನ್ನು ಬಾಯಿಪಾಠ ಮಾಡಿದವನಿಗಿಂತ ಇವನೇ ಮೇಲೆಂದು ನನ್ನ ಮತ.

ಅದೇ ಮನೆಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್ಲರು (1913-2009). ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ವಿದುಷಿ. ಮಗಳ ಹಿಂದೂಸ್ತಾನಿ ಅಭ್ಯಾಸಕ್ಕೆ ತಮ್ಮ ಶೈಲಿ ಅಡ್ಡ ಬರಬಾರದೆಂದು ಆ ತಾಯಿ ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು. ಮಗುವನ್ನು ಸಂಗೀತಕ್ಕೆ ಬಿಡಬಹುದೆ ಎಂದು ಯೋಚಿಸುವ ತಾಯಂದಿರು ಇದನ್ನೊಂದು ಗಳಿಗೆ ಮನಸ್ಸಿಗೆ ತಂದುಕೊಳ್ಳಬೇಕು. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಮುಂದೆ, ಬಾಲೆ ಗಂಗೂಬಾಯಿ ಸ್ವಾಗತಗೀತೆ ಹಾಡಿದರು. ಹಾಡುವಾಗಲೂ ಅವರ ಮನಸ್ಸಿನಲ್ಲಿದ್ದ ಅಳುಕು ಬೇರೆಯೇ: ಜಾತಿಯ ಕಾರಣಕ್ಕೆ ತಮ್ಮನ್ನು ಎಲ್ಲಿ ಎಬ್ಬಿಸಿ ಬೇರೆ ಕೂರಿಸುವರೋ ಎಂಬುದು. ಮುಂದೆ ಗಾಂಧಾರಿ ಎಂಬ ಹೆಸರಿನಲ್ಲಿ ಅವರ ಗ್ರಾಮಫೋನ್ ತಟ್ಟೆಗಳು ಹೊರಟವು. ಗಮನಿಸಿ: ತಟ್ಟೆ ಹೊರಟು ಹೆಸರು ಬಂದ ಮೇಲೆ, ಮಕ್ಕಳ ತಾಯಿಯಾದ ಮೇಲೆ, ಅವರು ಮತ್ತೆ ಶಿಷ್ಯೆಯಾಗಿ ಕುಳಿತು ಕುಂದಗೋಳದ ಕಠಿಣ ತಾಲೀಮನ್ನು ಪಡೆದರು. ಗಂಟಲಿನ ಬೇನೆಗೆ ಮಾಡಿದ ಚಿಕಿತ್ಸೆಯಿಂದ ಅವರ ಇಂಪಾದ ತೆಳುದನಿ ಗಂಡುದನಿಯಂತೆ ಗಡುಸಾಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೋ ಏನೋ. ಅವರು ಆ ದನಿಯನ್ನೇ ಪಳಗಿಸಿ ಕಿರಾನಾ ಗಾಯಕಿಯ ಹಿರಿಯರಲ್ಲಿ ಒಬ್ಬರಾದರು.

ಇನ್ನು ಹೊಟ್ಟೆಯ ಮಾತು. ಶಿಷ್ಯನು ಮೊದಲು ವೇದಿಕೆ ಏರುವುದು ತಂಬೂರಿ ಹಿಡಿದು, ಗುರುವಿನ ಹಿಂದೆ. ಗುರು ಉಸಿರು ತೆಗೆದುಕೊಳ್ಳುವಾಗ ಒಂದು ಸ್ವರ ತುಂಬಿಕೊಡುವುದೇ ಅವನ ಮೊದಲ ಕಚೇರಿ. ಅದಕ್ಕೆ ಸಂಭಾವನೆಯ ಮಾತೇ ಇಲ್ಲ. ಆಮೇಲಿನ ಐದಾರು ವರ್ಷಗಳೇ ಕಷ್ಟದವು. ಹಿಂದೆ ಆ ಕಾಲವನ್ನು ದಾಟಿಸುತ್ತಿದ್ದವರು ಅರಸರು, ಮಠಗಳು, ನಾಟಕ ಮಂಡಲಿಗಳು. ಪಂಚಾಕ್ಷರಿ ಗವಾಯಿಗಳಂತೂ (1892-1944) ಅಂಧರಿಗೂ ಬಡಮಕ್ಕಳಿಗೂ ಅನ್ನ, ವಿದ್ಯೆ ಎರಡನ್ನೂ ಕೊಟ್ಟರು. ಅವರ ಶಿಷ್ಯ ಬಸವರಾಜ ರಾಜಗುರುಗಳು 1936ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರ ಆರುನೂರನೆಯ ವರ್ಷದ ಉತ್ಸವದಲ್ಲಿ ಮೊದಲ ಕಚೇರಿ ಮಾಡಿದಾಗ ತಬಲಾ ನುಡಿಸಿದವರು ಸ್ವತಃ ಗುರುಗಳೇ.

ಅರಸೊತ್ತಿಗೆಗಳು ಹೋದ ಮೇಲೆ ಆ ಭಾರದಲ್ಲಿ ಒಂದು ಪಾಲನ್ನು ಹೊತ್ತುದು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರ ಮನೆಯಲ್ಲಿ ಹುಟ್ಟಿದ ಆಕಾಶವಾಣಿ, 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಆರಂಭವಾದವು. ಮೈಸೂರು ಆಸ್ಥಾನದಲ್ಲಿ ನುಡಿಸಿದ ವೀಣೆಯ ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ನಿಲಯದಲ್ಲಿ ಉದ್ಯೋಗಕ್ಕೆ ಬಂದರು. ಭೀಮಸೇನ ಜೋಶಿಯವರೂ 1943ರಲ್ಲಿ ಮುಂಬಯಿಗೆ ಹೋದುದು ರೇಡಿಯೋ ಕಲಾವಿದರಾಗಿಯೇ. 1950ರ ದಶಕದಲ್ಲಿ ಧ್ವನಿಪರೀಕ್ಷೆಯ ಕ್ರಮ ಬಂದಿತು: ಹಾಡುವವರ ಮುಖ ಕಾಣದಂತೆ ಕಂಠವನ್ನಷ್ಟೇ ಕೇಳಿ ದರ್ಜೆ ಕೊಡುವುದು. ದೊಡ್ಡ ವಿದ್ವಾಂಸರು ಕೆಲವರು ಇದು ಅವಮಾನವೆಂದು ಸಿಡಿದೆದ್ದರು. ಹೆಸರಿಲ್ಲದ ಹುಡುಗರಿಗೆ ಮಾತ್ರ ಅದು ಉಪಕಾರವೇ ಆಯಿತು. ಆದರೆ ತಂದೆತಾಯಿಗಳು ತಿಳಿದಿರಲಿ: ದರ್ಜೆ ಬೇರೆ, ಸಂಬಳ ಬೇರೆ. ಹೊಸಬರಿಗೆ ವರ್ಷಕ್ಕೆ ಸಿಕ್ಕುವ ಕಾರ್ಯಕ್ರಮಗಳು ಬೆರಳೆಣಿಕೆಯವು. ಅದರಿಂದ ಸಂಸಾರ ಸಾಗದು. ಮಗ ಶಾಲೆಯ ಓದನ್ನು ಮುಗಿಸಿಕೊಳ್ಳಲಿ ಎಂದು ನಾನು ಹೇಳುವುದು ಅದಕ್ಕೇ, ಮೇಷ್ಟರೆಂಬ ಚಪಲಕ್ಕಲ್ಲ.

ಪಿಟೀಲು, ಮೃದಂಗ ಕಲಿತವರ ಪಾಡು ಒಂದು ಬಗೆಯಲ್ಲಿ ಮೇಲು. ಗಾಯಕ ಯಾರೇ ಬರಲಿ, ಪಕ್ಕವಾದ್ಯ ಬೇಕೇ ಬೇಕು. ಆದುದರಿಂದ ಕೆಲಸ ಬೇಗ ಸಿಕ್ಕುತ್ತದೆ, ಹೆಸರು ತಡವಾಗಿ. ಟಿ. ಚೌಡಯ್ಯನವರು (1895-1967) ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ 1910ರಿಂದ 1918ರವರೆಗೆ ಕಲಿತರು. ಧ್ವನಿವರ್ಧಕ ಬಳಕೆಗೆ ಬಾರದಿದ್ದ ಕಾಲ; ತುಂಬಿದ ಸಭೆಯಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ 1927ರ ಹೊತ್ತಿಗೆ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಆ ವಾದ್ಯ ಹೊಮ್ಮಿಸಿದ ತುಂಬುನಾದವನ್ನು ಹಳೆಯ ಧ್ವನಿಮುದ್ರಿಕೆಗಳಲ್ಲಿ ನೀವು ಇಂದಿಗೂ ಕೇಳಬಹುದು.