ಮೇಲೆ ಸುರಿದ ಮಳೆ, ಕೆಳಗೆ ನಿಂತ ಕುಟುಂಬ

2024ರ ಜೂನ್ 30, ಭಾನುವಾರ. ಮಹಾರಾಷ್ಟ್ರದ ಲೋನಾವಳದ ಭೂಶಿ ಅಣೆಕಟ್ಟಿನ ಹಿಂಭಾಗದ ಜಲಪಾತಕ್ಕೆ ಪುಣೆಯ ಒಂದು ಕುಟುಂಬ ಹೋಗಿತ್ತು. ರಜೆ ದಿನ, ಮಳೆಗಾಲ, ಬೆಟ್ಟದಿಂದ ಇಳಿಯೋ ನೀರು. ಎಲ್ಲರ ಹಾಗೆ ಅವರೂ ನೀರಿಗಿಳಿದರು. ನೋಡನೋಡುತ್ತಿದ್ದಂತೆ ನೀರು ಏರಿತು. ದಡಕ್ಕೆ ಬರಲಾಗದೆ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಕೊನೆಗೆ ನೀರು ಅವರನ್ನು ಎಳೆದುಕೊಂಡು ಹೋಯಿತು. ಒಬ್ಬ ಮಹಿಳೆ, ನಾಲ್ವರು ಮಕ್ಕಳು ಪ್ರಾಣ ಕಳೆದುಕೊಂಡರು.

ಆ ವಿಡಿಯೋ ನೀವೂ ನೋಡಿರ್ತೀರಿ. ನಮ್ಮಂಥ ಚಾನೆಲ್‌ಗಳೇ ಮತ್ತೆ ಮತ್ತೆ ತೋರಿಸಿದ್ದು. ಕೊನೆಗೆ ‘ಪ್ರವಾಸಿಗರೇ ಎಚ್ಚರ’ ಅಂತ ಹೇಳಿ ನಾವು ಬ್ರೇಕ್‌ಗೆ ಹೋಗ್ತೀವಿ. ಆದರೆ ಎಚ್ಚರ ಅಂದ್ರೆ ಏನು, ಯಾವುದರ ಬಗ್ಗೆ, ಎಷ್ಟು ಹೊತ್ತಿಗೆ? ಅದನ್ನು ಹೇಳೋದಿಲ್ಲ. ‘ಅವರಿಗೆ ಬುದ್ಧಿ ಇರಲಿಲ್ವಾ’ ಅಂತ ಕೇಳೋದು ಸುಲಭ. ಅವರು ಮಾಡಿದ್ದು ಪ್ರತಿ ಮಳೆಗಾಲ ನಮ್ಮ ಚಿಕ್ಕಮಗಳೂರಿನಲ್ಲಿ, ಕೊಡಗಿನಲ್ಲಿ, ಸಕಲೇಶಪುರದಲ್ಲಿ ಸಾವಿರಾರು ಕುಟುಂಬಗಳು ಮಾಡುವುದನ್ನೇ. ಹಾಗಾಗಿ ಇವತ್ತು ಬೈಯೋದು ಬೇಡ, ಅರ್ಥ ಮಾಡ್ಕೊಳ್ಳೋಣ.

ಒಂದು ಲೆಕ್ಕ ನೋಡಿ. ಒಂದು ಚದರ ಕಿಲೋಮೀಟರ್ ಬೆಟ್ಟದ ಮೇಲೆ ಬರೀ ಒಂದು ಸೆಂಟಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಅದು 1 ಕೋಟಿ ಲೀಟರ್ ನೀರು. ನಮ್ಮ ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ 12,000 ಲೀಟರ್‌ನ ಟ್ಯಾಂಕರ್ 800ಕ್ಕೂ ಹೆಚ್ಚು! ನೆಲ ಒಣಗಿದ್ದರೆ ಒಂದಷ್ಟು ಕುಡಿಯುತ್ತದೆ. ಜುಲೈನಲ್ಲಿ ನೆನೆದು ತೊಪ್ಪೆಯಾದ ನೆಲ ಕುಡಿಯೋದಿಲ್ಲ. ಹೆಚ್ಚಿನ ನೀರು ಒಂದೇ ಹಳ್ಳಕ್ಕೆ ಇಳಿಯುತ್ತದೆ. ನೀವು ನಿಂತ ಜಾಗದಲ್ಲಿ ಬಿಸಿಲೇ ಇರಬಹುದು. ಮಳೆ ಮೇಲೆ ಬಿದ್ದಿರುತ್ತೆ, ನಿಮಗೆ ಕಾಣಿಸಿರೋದಿಲ್ಲ.

ಇನ್ನು ನೀರಿನ ಬಲ. ನೀರಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ತಳ್ಳುಬಲ ಎರಡು ಪಟ್ಟಾಗೋದಿಲ್ಲ, ನಾಲ್ಕು ಪಟ್ಟಾಗುತ್ತೆ. ಮೂರು ಪಟ್ಟಾದರೆ ಒಂಬತ್ತು. ಅದೇ ಹೊತ್ತಿಗೆ ನೀರು ನಮ್ಮನ್ನು ಎತ್ತುತ್ತಲೂ ಇರುತ್ತದೆ. ಸೊಂಟದವರೆಗೆ ಮುಳುಗಿದರೆ ಪಾದದ ಮೇಲೆ ಬೀಳುವ ನಮ್ಮ ಭಾರ ಸುಮಾರು ಅರ್ಧಕ್ಕಿಳಿಯುತ್ತೆ. ಭಾರ ಇಳಿದರೆ ಹಿಡಿತ ಇಳಿಯುತ್ತೆ. ಕೆಳಗೆ ಪಾಚಿಗಟ್ಟಿದ ಬಂಡೆ ಬೇರೆ. ದೊಡ್ಡವರಿಗೆ ಮೊಣಕಾಲುದ್ದದ ನೀರು ಪುಟ್ಟ ಮಗುವಿಗೆ ಸೊಂಟದುದ್ದ. ಹಾಗಾಗಿ ‘ನಾನಿದ್ದೀನಿ, ಕೈ ಹಿಡ್ಕೋ’ ಅನ್ನೋ ಅಪ್ಪನ ಭರವಸೆ ಅಲ್ಲಿ ಸಾಕಾಗೋದಿಲ್ಲ.

ಹಳ್ಳ ಸೂಚನೆ ಕೊಡುತ್ತದೆ. ತಿಳಿಯಾಗಿದ್ದ ನೀರು ಕೆಂಪಗಾಯ್ತಾ? ಎಲೆ, ಕಡ್ಡಿ, ಕಸ ತೇಲಿ ಬರ್ತಿದೆಯಾ? ಸದ್ದು ಜೋರಾಯ್ತಾ? ಈಗಷ್ಟೇ ಕಾಣ್ತಿದ್ದ ಕಲ್ಲು ಮುಳುಗಿತಾ? ಇವುಗಳಲ್ಲಿ ಒಂದು ಕಂಡರೂ ಎದ್ದು ದಡ ಹತ್ತಿ, ಇನ್ನೂ ಮೇಲಕ್ಕೆ ಹೋಗಿ. ಚಪ್ಪಲಿ, ಬ್ಯಾಗು, ಮೊಬೈಲು ಯಾವುದಕ್ಕೂ ವಾಪಸ್ ಹೋಗಬೇಡಿ. ಕೆಲವೊಮ್ಮೆ ಆ ಸೂಚನೆ ಸಿಗೋಕೂ ಸಮಯ ಇರೋದಿಲ್ಲ. ಅದಕ್ಕೇ ಮಕ್ಕಳ ವಿಷಯದಲ್ಲಿ ನಿಯಮ ಒಂದೇ ಇರಲಿ: ಮಳೆಗಾಲದಲ್ಲಿ ಬೆಟ್ಟದ ನೀರನ್ನು ನೋಡೋದು, ಇಳಿಯೋದು ಬೇಡ. ದಡದ ಬಂಡೆಯೂ ಸುರಕ್ಷಿತ ಅಲ್ಲ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿ ಅರಿಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ನೀರು ಪಾಲಾದದ್ದು ಬಂಡೆಯ ಮೇಲೆ ನಿಂತಿದ್ದಾಗಲೇ.

ನೀರಿನಷ್ಟೇ ಗಮನ ಕೊಡಬೇಕಾದದ್ದು ಇನ್ನೊಂದಿದೆ. ಅದು ನಮ್ಮದೇ ಕಾರು. ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ತೀನಿ. ಅಪ್ಪ, ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಯಿಂದ ಇಳೀತಿದ್ದೆ. ಹಿಂದಿನ ಸೀಟಿನಿಂದ ಅಮ್ಮ ಹೇಳಿದ್ರು: ‘ಏನೋ ಸುಟ್ಟ ವಾಸನೆ ಬರ್ತಿದೆ ಕಣೋ.’ ‘ಮುಂದಿನ ಲಾರಿದು ಬಿಡಮ್ಮಾ’ ಅಂದೆ. ಇನ್ನೆರಡು ತಿರುವು ದಾಟೋ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಸುಡ್ತಾ ಇದ್ದದ್ದು ನಮ್ಮ ಬ್ರೇಕೇ. ಎಂಜಿನಿಯರಿಂಗ್ ಓದಿದವನು ನಾನು, ವಾಸನೆ ಹಿಡಿದದ್ದು ಅಮ್ಮ.

ಯಾಕೆ ಹಾಗಾಯ್ತು? ಜನ, ಲಗೇಜು ಸೇರಿ 1,500 ಕಿಲೋ ತೂಗುವ ಕಾರು 1,000 ಮೀಟರ್ ಎತ್ತರ ಇಳಿದರೆ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಎಲ್ಲಾದರೂ ಹೋಗಬೇಕು. 2 ಕಿಲೋವ್ಯಾಟ್‌ನ ಗೀಸರ್ ಎರಡು ಗಂಟೆ ಉರಿದಷ್ಟು ಶಾಖ ಅದು. ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ ಇಳಿದರೆ ಇದಕ್ಕಿಂತ ಹೆಚ್ಚು. ಅಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊರಗಿನ ವಾಹನಗಳು ಆ ದಾರಿಯಲ್ಲಿ ಇಳಿಯಬಾರದು ಅಂತ ನಿರ್ಬಂಧ ಹಾಕಿದ್ದೂ ಅಪಘಾತಗಳ ಕಾರಣಕ್ಕೇ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಶಾಖದ ಬಹುಪಾಲು ಬ್ರೇಕಿಗೇ ಹೋಗುತ್ತೆ. ಬ್ರೇಕ್ ಆಯಿಲ್ ಕುದಿಯಬಹುದು, ಆಗ ಪೆಡಲ್ ಒತ್ತಿದರೂ ಕಾರು ನಿಲ್ಲೋದಿಲ್ಲ.

ಪರಿಹಾರ ಹಳೇ ಬಸ್ ಡ್ರೈವರ್‌ಗಳಿಗೆ ಗೊತ್ತು. ಯಾವ ಗೇರ್‌ನಲ್ಲಿ ಹತ್ತಿದಿರೋ ಅದೇ ಗೇರ್‌ನಲ್ಲಿ ಇಳಿಯಿರಿ. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತೆ. ಆಟೋಮ್ಯಾಟಿಕ್ ಕಾರಿನಲ್ಲಿ ಲೋ ಗೇರ್ ಅಥವಾ ಮ್ಯಾನ್ಯುಯಲ್ ಮೋಡ್ ಬಳಸಿ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆಫ್ ಅಂತೂ ಮಾಡಲೇಬೇಡಿ. ವಾಸನೆ ಬಂದರೆ ಅಗಲವಾದ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಬ್ರೇಕಿಗೆ ನೀರು ಸುರಿಯಬೇಡಿ. ಆಮೇಲೂ ಪೆಡಲ್ ಮೆತ್ತಗಿದ್ದರೆ ಆ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನ ಕರೆಸಿ.

ಆದರೆ ನಿಲ್ಲಿಸೋದು ಎಲ್ಲಿ ಅನ್ನೋದೂ ಮುಖ್ಯ. 2024ರ ಜುಲೈ 16 ನೆನಪಿದೆಯಾ? ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ರಸ್ತೆ ಬದಿಯ ಹೋಟೆಲ್ ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳವರು ಮಣ್ಣುಪಾಲಾದರು. ರಸ್ತೆಗಾಗಿ ಕಡಿದಾಗಿ ಕತ್ತರಿಸಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಟೀ, ಫೋಟೋ, ಊಟ ಯಾವುದಕ್ಕೂ ನಿಲ್ಲಬೇಡಿ. ಗುಡ್ಡದಿಂದ ಸಣ್ಣ ಕಲ್ಲು ಉರುಳುತ್ತಿದ್ದರೆ, ಮರಗಳು ವಾಲಿದ್ದರೆ, ರಸ್ತೆಯಲ್ಲಿ ಹೊಸ ಬಿರುಕು ಕಂಡರೆ ಮುಂದೆ ಹೋಗದೆ ಹಿಂತಿರುಗಿ.

ಹಿಂತಿರುಗೋದು! ಇಷ್ಟೆಲ್ಲದರಲ್ಲಿ ಕಷ್ಟದ ಕೆಲಸ ಅದೇ. ಹೋಂಸ್ಟೇಗೆ ಅಡ್ವಾನ್ಸ್ ಕಟ್ಟಿರ್ತೀವಿ. ಮೂರು ತಿಂಗಳಿಂದ ಕಾದ ರಜೆ. ಸೋಮವಾರ ಆಫೀಸಿಗೆ ಹಾಜರಾಗಲೇಬೇಕು. ಮಕ್ಕಳಿಗೆ ಜಲಪಾತ ತೋರಿಸ್ತೀವಿ ಅಂತ ಮಾತು ಕೊಟ್ಟಿರ್ತೀವಿ. ಈ ಒತ್ತಡದಲ್ಲೇ ‘ಇಷ್ಟು ದೂರ ಬಂದಿದ್ದೀವಿ, ಐದೇ ನಿಮಿಷ’ ಅನ್ನೋ ಮಾತು ಹುಟ್ಟೋದು. ಅದಕ್ಕೆ ಹೊರಡೋ ಮುಂಚೆ ಮನೆಯಲ್ಲೇ ಕೂತು ಮೂರು ವಿಷಯ ತೀರ್ಮಾನ ಮಾಡಿ.

ಒಂದು, ಹವಾಮಾನ ಇಲಾಖೆಯ ಎಚ್ಚರಿಕೆ. ಆ ಜಿಲ್ಲೆಗೆ ರೆಡ್ ಅಲರ್ಟ್ ಅಂದ್ರೆ 24 ಗಂಟೆಯಲ್ಲಿ 20 ಸೆಂಟಿಮೀಟರ್‌ಗೂ ಹೆಚ್ಚು ಮಳೆ ಬರೋ ಸಾಧ್ಯತೆ. ಆವತ್ತು ಹೊರಡಬೇಡಿ. ಆರೆಂಜ್ ಇದ್ದರೂ ಘಾಟಿ, ಜಲಪಾತ ಬಿಟ್ಟುಬಿಡಿ. ಎರಡು, ಸ್ಥಳೀಯರಿಗೆ ಫೋನ್. ಮಲೆನಾಡಿನ ಕಾಫಿ ತೋಟಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಇಂಚಿನ ಲೆಕ್ಕದಲ್ಲಿ ಬರೆದಿಡೋ ರೂಢಿ ಇದೆ. ‘ನಿನ್ನೆ ರಾತ್ರಿ ಎಷ್ಟು ಇಂಚು ಆಯ್ತು, ಹಳ್ಳ ಹೇಗಿದೆ?’ ಅಂತ ಕೇಳಿ, ನೇರ ಉತ್ತರ ಸಿಗುತ್ತೆ. ಯಾವ ದಾರಿ, ಎಷ್ಟು ಹೊತ್ತಿಗೆ ತಲುಪ್ತೀವಿ ಅಂತ ಊರಲ್ಲಿರೋ ಒಬ್ಬರಿಗಾದರೂ ಹೇಳಿಡಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಅವರೇ 112ಕ್ಕೆ ಕರೆ ಮಾಡಬೇಕಾಗಬಹುದು.

ಮೂರನೆಯದು ಕುಟುಂಬದ ಒಪ್ಪಂದ. ಕಾರಿನಲ್ಲಿರೋ ಯಾರೇ ಆಗಲಿ, ಅಜ್ಜಿಯಾಗಲಿ, ಏಳು ವರ್ಷದ ಮಗುವಾಗಲಿ, ‘ನನಗೆ ಭಯ ಆಗ್ತಿದೆ, ಬೇಡ’ ಅಂದ್ರೆ ನಿಲ್ಲಿಸಬೇಕು. ಚರ್ಚೆ ಆಮೇಲೆ. ಹೆದರುಪುಕ್ಕಲು ಅಂತ ಯಾರೂ ಗೇಲಿ ಮಾಡಬಾರದು.

ಆವತ್ತು ಅಮ್ಮ ಎರಡನೇ ಸಲ ಹೇಳದೇ ಇದ್ದಿದ್ದರೆ ನಾನು ಕಾರು ನಿಲ್ಲಿಸ್ತಿರಲಿಲ್ಲ. ರಸ್ತೆ ಬದಿ ಮುಕ್ಕಾಲು ಗಂಟೆ ಕೂತ್ವಿ. ಮಂಜು ನೋಡ್ತಾ ತಂದಿದ್ದ ಚಿತ್ರಾನ್ನ ತಿಂದ್ವಿ. ಮುಂದೆ ನೋಡಬೇಕಿದ್ದ ಜಲಪಾತ ನೋಡಲಿಲ್ಲ. ಮಕ್ಕಳು ಇವತ್ತಿಗೂ ಆ ಪ್ರವಾಸದ ಬಗ್ಗೆ ಮಾತಾಡೋದು ಆ ಮುಕ್ಕಾಲು ಗಂಟೆಯನ್ನೇ.