ನಿಂಜಾ ಗೇಮ್‌ಗೆ ‘ಫ್ರೀ ಕತ್ತಿ, ಫ್ರೀ ಕವಚ’ ಕೊಡುವ ಲಿಂಕ್: ನಿಜವೆಷ್ಟು?

“ಈ ಲಿಂಕ್ ಒತ್ತಿ, 10 ಜನರಿಗೆ ಕಳಿಸಿ. ನಿಮ್ಮ ನಿಂಜಾಗೆ ಬಂಗಾರದ ಕತ್ತಿ, ಡ್ರ್ಯಾಗನ್ ಕವಚ ಫ್ರೀ!” ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮಕ್ಕಳ ಆಟದ ವಿಷಯ ತಾನೇ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಗೇಮ್ ಆಡುವುದು ಅಪ್ಪನ ಫೋನಿನಲ್ಲೇ. ಅಡಿಕೆ, ಈರುಳ್ಳಿ ಮಾರಿದ ದುಡ್ಡು ಬರುವ ಖಾತೆಯ ಯುಪಿಐ ಆ್ಯಪ್ ಇರುವುದೂ ಅದೇ ಫೋನಿನಲ್ಲಿ. ಆದ್ದರಿಂದ ಈ ಫಾರ್ವರ್ಡನ್ನು ಸ್ವಲ್ಪ ಬಿಡಿಸಿ ನೋಡೋಣ.

ನೇರ ಉತ್ತರ: ಇದು ಸುಳ್ಳು. ಹೊರಗಿನ ಯಾವ ಲಿಂಕೂ ನಿಮ್ಮ ಆಟದೊಳಗೆ ಆಯುಧ ತುಂಬಲಾರದು.

ಕತ್ತಿ ಇರುವುದು ಎಲ್ಲಿ?

ಆನ್‌ಲೈನ್ ಗೇಮ್‌ನಲ್ಲಿ ನಿಮ್ಮ ಬಳಿ ಯಾವ ಕತ್ತಿ ಇದೆ, ಕವಚ ಎಷ್ಟು ಗಟ್ಟಿ, ನಾಣ್ಯ ಎಷ್ಟು ಎಂಬ ಲೆಕ್ಕವೆಲ್ಲ ಇರುವುದು ಗೇಮ್ ಕಂಪನಿಯ ಸರ್ವರ್‌ನಲ್ಲಿ, ಅಂದರೆ ಅವರ ಕಂಪ್ಯೂಟರ್‌ನಲ್ಲಿ. ನಿಮ್ಮ ಫೋನ್ ಆ ಲೆಕ್ಕವನ್ನು ತೋರಿಸುತ್ತದೆ, ಅಷ್ಟೇ.

ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರವನ್ನೇ ನೋಡಿ. ಅದರ ಪೂರ್ಣ ಮಟ್ಟ 130 ಅಡಿ. ಯಾರಾದರೂ ಮೊಬೈಲ್‌ನಲ್ಲಿ ‘ಇಂದಿನ ಮಟ್ಟ 130 ಅಡಿ’ ಎಂದು ಟೈಪ್ ಮಾಡಿ ಕಳಿಸಿದರೆ ಮಾರಿಕಣಿವೆ ತುಂಬಿಬಿಡುತ್ತದೆಯೇ? 1933ರ ನಂತರ ಮತ್ತೆ ಕೋಡಿ ಬೀಳಲು ಅದು 2022ರವರೆಗೆ ಕಾಯಬೇಕಾಯಿತು. ನೀರು ಜಲಾಶಯಕ್ಕೆ ಬರಬೇಕು, ಆಗಲೇ ಅಂಕಿ ಬದಲಾಗುತ್ತದೆ. ಆಟದಲ್ಲೂ ಅಷ್ಟೇ. ‘ಅನ್‌ಲಿಮಿಟೆಡ್ ಗೋಲ್ಡ್’ ಎಂಬ ಕಳ್ಳ ಆ್ಯಪ್ ನಿಮ್ಮ ಪರದೆಯ ಮೇಲೆ 9,99,999 ಎಂದು ತೋರಿಸಬಹುದು. ಕೊಳ್ಳಲು ಹೋದಾಗ ಸರ್ವರ್ ತನ್ನ ಪುಸ್ತಕ ನೋಡಿ ‘ನಾಣ್ಯ ಸಾಲದು’ ಎನ್ನುತ್ತದೆ. ಇಂಥ ಆ್ಯಪ್ ಬಳಸಿದ್ದು ಗೊತ್ತಾದರೆ ಅಕೌಂಟ್ ಬಂದ್ ಆಗುವ ಸಾಧ್ಯತೆಯೂ ಇದೆ.

ಹಾಗಾದರೆ ಲಿಂಕ್ ಕಳಿಸುವವರಿಗೆ ಏನು ಬೇಕು?

ಸಾಮಾನ್ಯವಾಗಿ ಮೂರರಲ್ಲಿ ಒಂದು. ನಕಲಿ ಲಾಗಿನ್ ಪುಟ ತೋರಿಸಿ ನಿಮ್ಮ ಐಡಿ, ಪಾಸ್‌ವರ್ಡ್ ಪಡೆಯುವುದು. ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಿಸಿ, ಎಸ್‌ಎಂಎಸ್ ಓದುವ ಅನುಮತಿ ಕೇಳಿ, ನಿಮ್ಮ ಓಟಿಪಿ ಕದಿಯುವುದು. ಇಲ್ಲವೇ ‘ಬಹುಮಾನ ಜಮಾ ಆಗಲು ಪಿನ್ ಹಾಕಿ’ ಎಂದು ಯುಪಿಐ ಪಿನ್ ಒತ್ತಿಸುವುದು. ಇದೊಂದು ನೆನಪಿರಲಿ: ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ.

ಏಳು ಸುತ್ತಿನ ಕೋಟೆ ಎಂದು ಹೆಸರಾದ ದುರ್ಗಕ್ಕೆ ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಬ್ಬ ಮನುಷ್ಯ ನುಸುಳುವಷ್ಟು ಸಣ್ಣ ಕಿಂಡಿಯಿಂದ. ಒನಕೆ ಓಬವ್ವನ ಈ ಕತೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಫೋನಿಗೆ ಎಷ್ಟೇ ಲಾಕ್ ಇರಲಿ, ಓಟಿಪಿ ಮತ್ತು ಪಿನ್ ಅಂಥ ಕಿಂಡಿಗಳು.

‘100 ಪೆಟ್ಟಿಗೆ ತೆರೆದರೆ ಖಂಡಿತ ಸಿಗುತ್ತದೆ’ ಎನ್ನುತ್ತಾರಲ್ಲ?

ಇದು ಇನ್ನೊಂದು ತಪ್ಪು ನಂಬಿಕೆ. ಒಂದು ಪೆಟ್ಟಿಗೆಯಲ್ಲಿ ಅಪರೂಪದ ಕತ್ತಿ ಸಿಗುವ ಸಾಧ್ಯತೆ 1% ಎಂದಿಟ್ಟುಕೊಳ್ಳಿ. 100 ಪೆಟ್ಟಿಗೆ ತೆರೆದರೆ ಒಮ್ಮೆಯಾದರೂ ಸಿಗುವ ಸಾಧ್ಯತೆ ಸುಮಾರು 63% ಮಾತ್ರ. ಅಂದರೆ ನೂರು ಪೆಟ್ಟಿಗೆ ತೆರೆದವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಜನ ಬರಿಗೈಯಲ್ಲಿ ಉಳಿಯುತ್ತಾರೆ. ಹಿಂದಿನ 99 ಪೆಟ್ಟಿಗೆ ಖಾಲಿ ಬಂದಿದ್ದರೂ ಮುಂದಿನದರಲ್ಲಿ ಸಿಗುವ ಸಾಧ್ಯತೆ ಅದೇ 1%. ‘ಇಂತಿಷ್ಟು ಪೆಟ್ಟಿಗೆಗೆ ಒಂದು ಖಚಿತ’ ಎಂದು ಗೇಮ್ ತಾನೇ ಬರೆದುಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ.

ದುಡ್ಡು ಹಾಕದೆ ಬಲ ಹೆಚ್ಚಿಸುವುದು ಹೇಗೆ?

ಇರುವ ಆಯುಧ, ಕವಚವನ್ನು ಲೆಕ್ಕ ಹಾಕಿ ಬಳಸಿದರೆ ಸಾಕು.

1. ಸಣ್ಣ ಏರಿಕೆಯನ್ನು ಕಡೆಗಣಿಸಬೇಡಿ. ಹಲವು ಆಟಗಳಲ್ಲಿ ಹೊಡೆತದಿಂದ ಎದುರಾಳಿಯ ಕವಚದ ಬಲವನ್ನು ಕಳೆಯುತ್ತಾರೆ. ನಿಮ್ಮ ಕತ್ತಿಯದು 100, ಅವನ ಕವಚದ್ದು 60 ಆದರೆ ಪೆಟ್ಟು 40. ಕತ್ತಿ 110 ಆದರೆ ಪೆಟ್ಟು 50. ಕತ್ತಿ ಹೆಚ್ಚಿದ್ದು 10%, ಪೆಟ್ಟು ಹೆಚ್ಚಿದ್ದು 25%.

2. ಆರಂಭದ ಕತ್ತಿಗೆ ಎಲ್ಲ ಸಾಮಗ್ರಿ ಸುರಿಯಬೇಡಿ. ಮೊದಲ ಹಂತಗಳಲ್ಲಿ ಸಿಕ್ಕ ಆಯುಧವನ್ನು ಬೇಗ ಬದಲಿಸಬೇಕಾಗುತ್ತದೆ. ಅಪ್‌ಗ್ರೇಡ್ ಕಲ್ಲು, ಲೋಹಗಳನ್ನು ಮುಂದಿನ ಆಯುಧಕ್ಕೆ ಉಳಿಸಿಕೊಳ್ಳಿ.

3. ಒಳ್ಳೆಯದನ್ನು ಲಾಕ್ ಮಾಡಿ, ಉಳಿದದ್ದನ್ನು ಮಾರಿ. ಚೀಲ ತುಂಬಿದಾಗ ಅವಸರದಲ್ಲಿ ‘ಎಲ್ಲ ಮಾರು’ ಒತ್ತಿ ಒಳ್ಳೆಯ ಕವಚ ಕಳೆದುಕೊಳ್ಳುವುದು ಸುಲಭ.

4. ಒಂದೇ ಸೆಟ್‌ನ ಕವಚ ತೊಡಿ. ತಲೆ, ಎದೆ, ಕಾಲಿನ ಕವಚಗಳು ಒಂದೇ ಸೆಟ್ಟಿನವಾದರೆ ಹಲವು ಆಟಗಳಲ್ಲಿ ಹೆಚ್ಚುವರಿ ಬಲ ಸಿಗುತ್ತದೆ.

5. ಸವೆತ ನೋಡಿಕೊಳ್ಳಿ. ಆಯುಧ ಸವೆಯುವ ಆಟವಾದರೆ ದೊಡ್ಡ ಕಾಳಗಕ್ಕೆ ಮುಂಚೆಯೇ ರಿಪೇರಿ ಮಾಡಿಸಿ.

ಮನೆಯ ಹಿರಿಯರು ಏನು ಮಾಡಬಹುದು?

ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಿ. ‘ಅನ್‌ನೋನ್ ಆ್ಯಪ್ಸ್’ ಇನ್‌ಸ್ಟಾಲ್ ಮಾಡುವ ಅನುಮತಿ ಆಫ್ ಆಗಿರಲಿ. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವುದು ಬೇಡ. ಮುಖ್ಯವಾಗಿ, ಏನಾದರೂ ಎಡವಟ್ಟಾದರೆ ಮಗು ಹೆದರದೆ ಬಂದು ಹೇಳುವಂತಿರಬೇಕು. ಬೈಗುಳಕ್ಕೆ ಅಂಜಿ ಮುಚ್ಚಿಟ್ಟರೆ ಅಷ್ಟರಲ್ಲಿ ದುಡ್ಡು ಕೈ ದಾಟಿರುತ್ತದೆ.

ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ವಂಚಕರ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಿಮ್ಮ ಬ್ಯಾಂಕಿಗೂ ತಿಳಿಸಿ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

‘10 ಜನರಿಗೆ ಕಳಿಸಿ’ ಎಂಬ ಮೆಸೇಜ್ ಬಂದರೆ ಅದನ್ನು ಅಲ್ಲೇ ಅಳಿಸಿ. ಕಳಿಸಲೇಬೇಕು ಅನಿಸಿದರೆ 1930 ಎಂಬ ನಂಬರನ್ನು ಕಳಿಸಿ, ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.