ಊರ ಪರದೆ, ಉತ್ಸವದ ಪರದೆ: ತುಳುನಾಡಿನ ಸ್ವತಂತ್ರ ಕಿರುಚಿತ್ರಕಾರನ ಮೂರು ನೆಲೆಗಳು

ಜಾನಪದ ಅಧ್ಯಯನವು ಬಹುಕಾಲ ಮೌಖಿಕ ಪರಂಪರೆಯನ್ನೇ ತನ್ನ ಕ್ಷೇತ್ರವೆಂದು ಭಾವಿಸಿತ್ತು. ಪಾಡ್ದನ, ಸಂಧಿ, ಕಬಿತಗಳನ್ನು ಸಂಗ್ರಹಿಸಿ ಮುದ್ರಿಸುವುದರಲ್ಲಿ ಅದರ ಮೊದಲ ಘಟ್ಟ ಕಳೆಯಿತು. ಪ್ರದರ್ಶನ, ಪ್ರೇಕ್ಷಕ ಹಾಗೂ ಸಂದರ್ಭಗಳನ್ನು ಒಟ್ಟಾಗಿ ನೋಡಬೇಕೆಂಬ ತಿಳಿವಳಿಕೆ ಬಂದಮೇಲೆ, ಜನಸಮುದಾಯದ ನಡುವೆ ಹುಟ್ಟಿ ಅಲ್ಲಿಯೇ ಬಳಕೆಯಾಗುವ ಹೊಸ ಮಾಧ್ಯಮಗಳೂ ನಮ್ಮ ಗಮನಕ್ಕೆ ಬರಬೇಕಾದುದು ಸಹಜ. ಪ್ರಸ್ತುತ ಲೇಖನದಲ್ಲಿ ಅಂಥದೊಂದು ಮಾಧ್ಯಮವಾದ ಸ್ವತಂತ್ರ ಕಿರುಚಿತ್ರವನ್ನು, ಅದರಲ್ಲಿಯೂ ಅದನ್ನು ಮಾಡುವವನ ಬದುಕಿನ ಕ್ರಮವನ್ನು, ಬೆಳುವಾಯಿ, ಮೂಡುಬಿದಿರೆ, ಬಂಟ್ವಾಳ ಮತ್ತು ಬೆಳ್ತಂಗಡಿ ಪರಿಸರವನ್ನು ಎದುರಿಗಿಟ್ಟುಕೊಂಡು ವಿವರಿಸಲು ಯತ್ನಿಸಲಾಗಿದೆ.

ಬೆಳುವಾಯಿ ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ದೀಪಾವಳಿಯಿಂದ ಪತ್ತನಾಜೆಯವರೆಗೆ ಕೋಲ, ನೇಮ, ಬಯಲಾಟ, ಕಂಬಳಗಳ ಋತು. ಬಳಿಕ ಮಳೆಗಾಲದ ಮೌನ. ಬಯಲಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸುವವನೂ ಇದೇ ಪಂಚಾಂಗಕ್ಕೆ ಒಳಪಡುತ್ತಾನೆ. ಆತನ ಕಸುಬಿಗೆ ಮೂರು ನೆಲೆಗಳಿವೆ: ಊರಿನ ಪ್ರದರ್ಶನ, ದೂರದ ಉತ್ಸವ, ಇನ್ನೊಬ್ಬರು ಹೇಳಿ ಮಾಡಿಸುವ ಕೆಲಸ. ಈ ಮೂರೂ ನಮ್ಮ ಆಟದ ಮೇಳಗಳ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಇದ್ದವುಗಳೇ ಎಂಬುದು ಈ ಲೇಖನದ ಮುಖ್ಯ ವಿಚಾರ.

ಪೂರ್ವಪರಂಪರೆ

ಜಿಲ್ಲೆಯಲ್ಲಿ ಸ್ವತಂತ್ರ ಚಿತ್ರನಿರ್ಮಾಣದ ಹಂಬಲ ಹೊಸದಲ್ಲ. ಶಿವರಾಮ ಕಾರಂತರು 1930ರ ಸುಮಾರಿಗೆ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತಯಾರಿಸಿದರು. ಚಿತ್ರೋದ್ಯಮದ ಯಾವ ಕೇಂದ್ರಕ್ಕೂ ಸೇರದ ಕಡೆ ಕುಳಿತು ಮಾಡಿದ ಪ್ರಯೋಗಗಳವು. ಮುಂದೆ ಅವರು ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ಆಧರಿಸಿದ ‘ಮಲೆಯ ಮಕ್ಕಳು’ ಚಿತ್ರವನ್ನು ತಾವೇ ನಿರ್ದೇಶಿಸಿದರು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ‘ಚೋಮನ ದುಡಿ’ಯನ್ನು (1975) ನಿರ್ದೇಶಿಸಿ, ಅದು ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು. ತುಳು ಭಾಷೆಯ ಮೊದಲ ಚಿತ್ರ ‘ಎನ್ನ ತಂಗಡಿ’ ತೆರೆಕಂಡದ್ದು 1971ರಲ್ಲಿ.

ಚಿತ್ರವನ್ನು ಮಾಡುವುದಷ್ಟೇ ಸಾಲದು, ಅದನ್ನು ನೋಡುವ ಸಮುದಾಯವನ್ನೂ ಕಟ್ಟಬೇಕೆಂಬುದನ್ನು ತೋರಿಸಿಕೊಟ್ಟದ್ದು ಹೆಗ್ಗೋಡಿನ ನೀನಾಸಮ್. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಆರಂಭವಾದ ಅಲ್ಲಿನ ಚಿತ್ರಸಮಾಜವು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ರೈತರ ಎದುರು ತಂದಿಟ್ಟಿತು. ಭಾಷೆ ತಿಳಿಯದ ಚಿತ್ರವನ್ನೂ ಹಳ್ಳಿಯ ಪ್ರೇಕ್ಷಕ ಗಂಭೀರವಾಗಿ ನೋಡಬಲ್ಲನೆಂಬ ಅನುಭವ ಇಲ್ಲಿಂದ ಲಭಿಸಿತು.

ಮೊದಲನೆಯ ನೆಲೆ: ಊರ ಪ್ರದರ್ಶನ

ಊರಿನಲ್ಲಿ ನಡೆಯುವ ಕಿರುಚಿತ್ರ ಪ್ರದರ್ಶನದ ರೂಪ ಬಯಲಾಟವನ್ನು ಹೋಲುತ್ತದೆ. ಶಾಲೆಯ ಅಂಗಳ, ಭಜನಾ ಮಂದಿರ, ಯುವಕ ಮಂಡಲದ ಕಟ್ಟಡ ಅಥವಾ ಸಹಕಾರಿ ಸಂಘದ ಸಭಾಂಗಣವೇ ರಂಗಸ್ಥಳ. ಟಿಕೇಟಿಲ್ಲ, ಖರ್ಚನ್ನು ಊರ ದಾನಿಗಳು ಹೊರುತ್ತಾರೆ. ನಟಿಸಿದವರು ಪ್ರೇಕ್ಷಕರ ನಡುವೆಯೇ ಕುಳಿತಿರುತ್ತಾರೆ. ಚಿತ್ರದ ಗದ್ದೆ ಯಾರದು, ದನ ಯಾರ ಹಟ್ಟಿಯದು ಎಂಬ ಮಾತುಗಳು ನೋಟದ ಭಾಗವೇ ಆಗಿರುತ್ತವೆ. ಇಲ್ಲಿ ಪ್ರೇಕ್ಷಕ ಕೇವಲ ಗ್ರಾಹಕನಲ್ಲ, ಪರೀಕ್ಷಕನೂ ಹೌದು. ಅಣಿ ಕಟ್ಟಿದ ಕ್ರಮ ತಪ್ಪಾಗಿದ್ದರೆ, ನುಡಿಗಟ್ಟಿನ ಸ್ವರ ಬೇರೆ ಸೀಮೆಯದಾಗಿದ್ದರೆ, ಅದು ಅಲ್ಲಿಯೇ ಬಯಲಾಗುತ್ತದೆ. ಯಾವ ವಿಮರ್ಶಕನೂ ನೀಡಲಾರದ ತಿದ್ದುಪಡಿಯಿದು.

ಆದರೆ ಈ ನೆಲೆಗೆ ಕಾನೂನಿನ ಒಂದು ಅಡ್ಡಿಯೂ ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಅಗತ್ಯ. ಚಿತ್ರೋತ್ಸವಗಳಿಗೆ ಕೇಂದ್ರ ಸರ್ಕಾರದಿಂದ ವಿನಾಯಿತಿ ಪಡೆಯುವ ದಾರಿ ರೂಢಿಯಲ್ಲಿದೆ. ಹೀಗಾಗಿ ಇಪ್ಪತ್ತು ನಿಮಿಷದ ಚಿತ್ರವೊಂದು ತನ್ನೂರಿನ ಶಾಲೆಯ ಅಂಗಳಕ್ಕಿಂತ ಸುಲಭವಾಗಿ ದೂರದ ಮಹಾನಗರದ ಉತ್ಸವವನ್ನು ತಲುಪಬಲ್ಲುದು. ಈ ವೈಪರೀತ್ಯ ಗಮನಾರ್ಹವಾದುದು.

ಎರಡನೆಯ ನೆಲೆ: ಉತ್ಸವ

ಪಿ. ಎನ್. ರಾಮಚಂದ್ರ ಅವರ ‘ಸುದ್ದ’ ಇದಕ್ಕೆ ಉತ್ತಮ ನಿದರ್ಶನ. ಅದು ಕಿರುಚಿತ್ರವಲ್ಲದಿದ್ದರೂ ಸಣ್ಣ ಬಂಡವಾಳದ, ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿತವಾದ ಸ್ವತಂತ್ರ ಕೃತಿ. ತುಳು ನಾಟಕವೊಂದನ್ನು ಆಧರಿಸಿದ ಈ ಚಿತ್ರ, ಕುಸಿಯುತ್ತಿರುವ ಮನೆತನವೊಂದರಲ್ಲಿ ಸಾವಿನ ನಂತರ ನಡೆಯಬೇಕಾದ ಶುದ್ಧಕ್ರಿಯೆಯ ಸುತ್ತ ಹೆಣೆದುದು. 2006ರಲ್ಲಿ ದೆಹಲಿಯ ಓಸಿಯಾನ್ಸ್ ಸಿನೆಫ್ಯಾನ್ ಉತ್ಸವದಲ್ಲಿ ಅತ್ಯುತ್ತಮ ಭಾರತೀಯ ಚಿತ್ರ ಪ್ರಶಸ್ತಿ ಇದಕ್ಕೆ ದೊರೆಯಿತು. ಮಂಗಳೂರಿನ ಅಭಯ ಸಿಂಹ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತು, ಮಕ್ಕಳ ಚಿತ್ರ ‘ಗುಬ್ಬಚ್ಚಿಗಳು’ ಮೂಲಕ ರಾಷ್ಟ್ರಪ್ರಶಸ್ತಿ ಪಡೆದರು. ಮುಂದೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕರಾವಳಿಯ ಮೀನುಗಾರರ ಬದುಕಿಗೆ ಒಗ್ಗಿಸಿ ‘ಪಡ್ಡಾಯಿ’ಯನ್ನು ರೂಪಿಸಿದರು. ಅದೂ ಅತ್ಯುತ್ತಮ ತುಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಬೆಂಗಳೂರಿನಲ್ಲಿ 2006ರಿಂದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವವೂ 2010ರಿಂದ ಕಿರುಚಿತ್ರಗಳಿಗೆಂದೇ ಪ್ರತ್ಯೇಕ ಉತ್ಸವವೂ ನಡೆಯುತ್ತ ಬಂದಿವೆ. 2009ರಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿ ಸ್ಥಾಪನೆಗೊಂಡಿತು.

ಉತ್ಸವವು ಮನ್ನಣೆಯನ್ನು ಕೊಡುತ್ತದೆ. ಜೀವನೋಪಾಯವನ್ನು ಕೊಡುವುದು ವಿರಳ. ಬಹಳಷ್ಟು ಉತ್ಸವಗಳಿಗೆ ಪ್ರವೇಶಶುಲ್ಕವನ್ನು ಚಿತ್ರಕಾರನೇ ತೆರಬೇಕು. ಮತ್ತೊಂದು ಸೂಕ್ಷ್ಮ ಸಂಗತಿಯಿದೆ. ಉತ್ಸವದ ಪ್ರೇಕ್ಷಕನಿಗೆ ಭೂತಾರಾಧನೆ ಅಪರಿಚಿತವಾದ್ದರಿಂದ ಅದು ವಿಸ್ಮಯವಾಗಿ ಕಾಣುತ್ತದೆ. ಆ ವಿಸ್ಮಯವನ್ನೇ ಗುರಿಯಾಗಿಸಿಕೊಂಡು ಚಿತ್ರ ರೂಪುಗೊಂಡರೆ, ಬಣ್ಣ ಮತ್ತು ಬೆಂಕಿ ಉಳಿದು, ನ್ಯಾಯತೀರ್ಮಾನ, ಭೂಸಂಬಂಧ, ಜಾತಿಸಂಬಂಧಗಳ ಜಾಲ ಮರೆಯಾಗುತ್ತದೆ. 2022ರಲ್ಲಿ ‘ಕಾಂತಾರ’ ದೇಶಾದ್ಯಂತ ಜನಪ್ರಿಯವಾದ ಮೇಲೆ ಈ ಸೆಳೆತ ಹೆಚ್ಚಿದೆಯೆಂದು ಹೇಳಬಹುದು.

ಮೂರನೆಯ ನೆಲೆ: ಹೇಳಿ ಮಾಡಿಸಿದ ಕೆಲಸ

ಸ್ವತಂತ್ರ ಚಿತ್ರಕಾರನ ಅನ್ನ ಹುಟ್ಟುವುದು ಸಾಮಾನ್ಯವಾಗಿ ಈ ನೆಲೆಯಲ್ಲಿ. ಬ್ರಹ್ಮಕಲಶೋತ್ಸವ, ನಾಗಮಂಡಲ, ಕುಟುಂಬದ ನೇಮ, ಮದುವೆ, ಶಾಲೆಯ ವಾರ್ಷಿಕೋತ್ಸವ, ಸಂಘಸಂಸ್ಥೆಗಳ ಪರಿಚಯಚಿತ್ರ ಇವು ಅವನ ಕೆಲಸಗಳು. ಕಲಾವಂತಿಕೆಯ ದೃಷ್ಟಿಯಿಂದ ಇವನ್ನು ಕೀಳೆಂದು ಬಗೆಯುವುದು ವಾಡಿಕೆ. ಆದರೆ ಕಟೀಲು, ಧರ್ಮಸ್ಥಳ ಮೇಳಗಳ ಬಯಲಾಟಗಳು ಬಹುಮಟ್ಟಿಗೆ ಹರಕೆಯ ಆಟಗಳು. ಭಕ್ತನೊಬ್ಬ ವೀಳ್ಯ ಕೊಟ್ಟು ಆಡಿಸುವಂಥವು. ಹರಕೆ ಹೊತ್ತವನ ಅಂಗಳದಲ್ಲಿ ಆಡಿದರೂ ಊರೆಲ್ಲ ನೋಡುತ್ತದೆ. ಕಲಾವಿದನ ಕುಶಲತೆ ಅಲ್ಲಿ ಕುಂದುವುದಿಲ್ಲ. ಟಿಕೇಟಿನ ಆದಾಯವನ್ನೇ ನಂಬಿದ್ದ ಡೇರೆ ಮೇಳಗಳು ಹಲವು ನಿಂತುಹೋದಾಗಲೂ ಹರಕೆಯ ಮೇಳಗಳು ಉಳಿದವು. ಪೋಷಣೆಯ ಈ ಕ್ರಮವೇ ಯಕ್ಷಗಾನವನ್ನು ಕಾಪಾಡಿದೆ ಎಂದಮೇಲೆ, ಕಿರುಚಿತ್ರದ ವಿಷಯದಲ್ಲಿ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಆದರೂ ಒಂದು ಮುಖ್ಯ ವ್ಯತ್ಯಾಸವಿದೆ. ಹರಕೆಯ ಆಟ ಬೆಳಗಾಗುತ್ತಲೇ ಮುಗಿಯುತ್ತದೆ, ಚಿತ್ರ ಉಳಿಯುತ್ತದೆ. ಉಳಿದದ್ದು ಯಾರದು? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಹಣ ಕೊಟ್ಟು ಮಾಡಿಸಿದ ಚಲನಚಿತ್ರದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವನಿಗೇ ಸೇರುತ್ತದೆ. ಬಾಯಿಮಾತಿನಲ್ಲಿ ವ್ಯವಹಾರ ನಡೆಯುವ ನಮ್ಮ ಊರುಗಳಲ್ಲಿ ಚಿತ್ರಕಾರನಿಗೆ ಇದು ತಿಳಿದಿರುವುದು ಅಪೂರ್ವ. ತಾನು ಚಿತ್ರೀಕರಿಸಿದ ನೇಮದ ದೃಶ್ಯವನ್ನು ತನ್ನದೇ ಕಿರುಚಿತ್ರದಲ್ಲಿ ಬಳಸಲು ಆತ ಅನುಮತಿ ಕೇಳಬೇಕಾಗಬಹುದು. ಇನ್ನು ಕೋಲ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದ ಕಲಾವಿದರ ಪಾಡೇನು? 1994ರ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಕಾಯ್ದೆಯೊಳಗೆ ತಂದಿತು. 2012ರ ತಿದ್ದುಪಡಿಯು ನೈತಿಕ ಹಕ್ಕನ್ನೂ ಸೇರಿಸಿತು. ಆದರೆ ಆ ಹಕ್ಕನ್ನು ಕೇಳುವ ಪದ್ಧತಿ ಅಂಗಳಕ್ಕೆ ಇಳಿದಿಲ್ಲ. ಚಿತ್ರ ಮಾಡಿಸಿದ ಮನೆತನಕ್ಕೂ ಮಾಡಿದವನಿಗೂ ಒಂದು ಪ್ರತಿ ದೊರೆಯುತ್ತದೆ. ದೈವಕ್ಕೆ ಮೈಕೊಟ್ಟವನ ಮನೆಗೆ ಪ್ರತಿ ತಲುಪುವುದು ಕಡ್ಡಾಯವಾಗಿಲ್ಲ.

ಒಂದು ಮಾದರಿ ಮತ್ತು ಒಂದು ಅಪಾಯ

ಬೆಳ್ತಂಗಡಿ ತಾಲೂಕಿನ ಉಜಿರೆ ಸಮೀಪದ ಮಾಚಾರಿನಲ್ಲಿ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರೊಡಗೂಡಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಈ ಕಾರ್ಯದಲ್ಲಿ ಧ್ವನಿಯ ಜೊತೆಗೆ ವೀಡಿಯೊ ದಾಖಲಾತಿಯೂ ನಡೆಯಿತು. ಹಾಡಿದವರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಬಂದಿತೆಂಬುದು ಚಿತ್ರಕಾರರು ಅನುಸರಿಸಬೇಕಾದ ಮೇಲ್ಪಂಕ್ತಿ. ಉಡುಪಿಯ ಎಂ. ಜಿ. ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ದೃಶ್ಯ ದಾಖಲಾತಿಯನ್ನು ವಿದ್ವತ್ತಿನ ಭಾಗವೆಂದು ಸ್ಥಾಪಿಸಿತು.

ಇದಕ್ಕೆ ಹೋಲಿಸಿದರೆ ಸ್ವತಂತ್ರ ಚಿತ್ರಕಾರನ ಸಂಗ್ರಹ ಅನಾಥ. ಕ್ಯಾಸೆಟ್ಟಿಗೆ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮಿನಿ ಡಿವಿ ಟೇಪನ್ನು ಓದುವ ಯಂತ್ರಗಳು ವಿರಳವಾಗಿವೆ. ಹಾರ್ಡ್ ಡಿಸ್ಕ್ ಮುನ್ಸೂಚನೆಯಿಲ್ಲದೆ ಕೆಡುತ್ತದೆ. ಸ್ಥಳದ ಅಭಾವದಿಂದ ಹಳೆಯ ದೃಶ್ಯಗಳನ್ನು ಅಳಿಸಿ ಹೊಸ ಮದುವೆಯನ್ನು ತುಂಬಿಕೊಳ್ಳುವುದೂ ಇದೆ. ಹಾಗೆ ಅಳಿಸಿಹೋದ ದೃಶ್ಯದಲ್ಲಿ ಈಗ ಬದುಕಿಲ್ಲದ ಪಾತ್ರಿಯೊಬ್ಬನ ನುಡಿಯಿರಬಹುದು. ಅದನ್ನು ಮತ್ತೆ ಸಂಗ್ರಹಿಸುವಂತಿಲ್ಲ.

ಒಟ್ಟಿನಲ್ಲಿ, ಊರಿನ ಪ್ರದರ್ಶನ ಚಿತ್ರಕಾರನಿಗೆ ಸತ್ಯಪರೀಕ್ಷೆಯನ್ನೂ, ಉತ್ಸವ ಮನ್ನಣೆಯನ್ನೂ, ಹೇಳಿ ಮಾಡಿಸಿದ ಕೆಲಸ ಅನ್ನವನ್ನೂ ಒದಗಿಸುತ್ತವೆ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಸೊರಗುತ್ತವೆ. ಮೂರು ಕೆಲಸಗಳು ತುರ್ತಾಗಿ ಆಗಬೇಕಾಗಿವೆ: ಒಂದು ಪುಟದ ಸರಳ ಕನ್ನಡ ಕರಾರುಪತ್ರದ ಬಳಕೆ, ಉತ್ಸವಕ್ಕೆ ಹೋದ ಚಿತ್ರ ಚಿತ್ರೀಕರಣಗೊಂಡ ಊರಿನಲ್ಲಿಯೂ ಪ್ರದರ್ಶನಗೊಳ್ಳುವ ಪರಿಪಾಠ, ಸಂಕಲಿಸದ ಮೂಲ ದೃಶ್ಯಗಳನ್ನು ವಿಶ್ವವಿದ್ಯಾಲಯ ಅಥವಾ ಅಕಾಡೆಮಿಯ ಗ್ರಂಥಾಲಯದಲ್ಲಿ, ಕಲಾವಿದನ ಹೆಸರು, ಸ್ಥಳ, ದಿನಾಂಕಗಳೊಡನೆ ಠೇವಣಿ ಇಡುವ ವ್ಯವಸ್ಥೆ. ಪಾಡ್ದನಗಳನ್ನು ಬರೆದಿಟ್ಟ ಹಿಂದಿನ ತಲೆಮಾರಿನ ಸಂಗ್ರಾಹಕರಿಗೆ ನಾವು ಋಣಿಗಳಾಗಿರುವಂತೆ, ಮುಂದಿನ ಸಂಶೋಧಕರು ಇಂದಿನ ಈ ಚಿತ್ರಕಾರರಿಗೆ ಋಣಿಗಳಾಗಬೇಕಾದೀತು. ಅದಕ್ಕೆ ಮೊದಲು ಅವರ ಕೆಲಸ ಉಳಿದಿರಬೇಕು.